ನೀಳ ತೋಳಿಗೆ ಮರದ ಬಾಣ

ಹೂ ಮಾರುವವಳು ಎರಡೂ ಕೈ ಚಾಚಿ ಒಂದು ಮಾರು ಅಳೆದು ಕೊಡುತ್ತಾಳಲ್ಲ, ಬಿಲ್ಲುಗಾರಿಕೆಯ ಮೊದಲ ಲೆಕ್ಕ ಹುಟ್ಟುವುದೂ ಆ ಮಾರಿನಿಂದಲೇ. ಕೈ ಚಾಚಿ ನಿಂತಾಗ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಎಷ್ಟು ಇಂಚು ಎಂದು ನೋಡಿ, ಅದನ್ನು 2.5ರಿಂದ ಭಾಗಿಸಿದರೆ ಆ ಮನುಷ್ಯ ಹೆದೆಯನ್ನು ಎಷ್ಟು ದೂರ ಎಳೆಯುತ್ತಾನೆಂಬುದು ಸುಮಾರಾಗಿ ಸಿಗುತ್ತದೆ. 70 ಇಂಚಿನ ಮಾರಿಗೆ 28 ಇಂಚಿನ ಎಳೆತ. ಬಿಲ್ಲಿನ ಮೇಲೆ ಬರೆದ ಪೌಂಡು (ಅದನ್ನು ಎಳೆಯಲು ಬೇಕಾದ ಬಲ), ಬಾಣದ ಕಡ್ಡಿಯ ಮೇಲಿನ ಅಂಕಿ, ಅಂಗಡಿಯವರ ಕೋಷ್ಟಕ ಎಲ್ಲವೂ ಈ 28ನ್ನೇ ನಂಬಿಕೊಂಡಿವೆ. 78 ಇಂಚಿನ ಮಾರಿನ ಆಸಾಮಿ 31 ದಾಟಿ ಎಳೆಯುತ್ತಾನೆ. ಅವನ ತಾಪತ್ರಯ ಅಲ್ಲಿಂದ ಶುರು.

ಮಾರಿನ ಲೆಕ್ಕ ಅಂದಾಜಷ್ಟೇ. ಸರಿಯಾಗಿ ತಿಳಿಯಬೇಕಾದರೆ ಹಗುರವಾದ ಬಿಲ್ಲಿಗೆ ಉದ್ದನೆಯ ಕಡ್ಡಿ ಹೂಡಿ, ಗುರಿಗೆ ಬಿಡುವಾಗ ಎಳೆಯುವಷ್ಟೇ ಎಳೆದು ನಿಲ್ಲಬೇಕು. ಬಿಲ್ಲಿನ ಗುರಿಯ ಕಡೆಯ ಮುಖಕ್ಕೆ ಸರಿಯಾಗಿ ಕಡ್ಡಿಯ ಮೇಲೆ ಇನ್ನೊಬ್ಬರು ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಹೆದೆ ಕೂರುವ ಕಚ್ಚಿನ ತಳದಿಂದ ಆ ಗೆರೆಗೆ ಇರುವ ದೂರವೇ ಎಳೆತ. ಐದಾರು ಸಲ ಮಾಡಿ ನೋಡಿ. ಮೈ ಬಿಸಿಯಾದ ಮೇಲೆ ಹೆಚ್ಚಿನವರಿಗೆ ಅರ್ಧ ಇಂಚು ಜಾಸ್ತಿಯೇ ಬರುತ್ತದೆ. ಬಾಣ ಇದಕ್ಕಿಂತ ಅರ್ಧದಿಂದ ಒಂದು ಇಂಚು ಉದ್ದವಿರಬೇಕು. ಗಿಡ್ಡ ಬಾಣವನ್ನು ಮೈಮರೆತು ಎಳೆದರೆ ಮೊನೆ ಬಿಲ್ಲಿನ ಒಳಬದಿಗೆ ಬಂದುಬಿಡುತ್ತದೆ. ಆಗ ಬೆರಳು ಬಿಟ್ಟರೆ ಬಾಣ ಹೊಕ್ಕುವುದು ಬಿಲ್ಲು ಹಿಡಿದ ಕೈಯನ್ನೇ.

ಮರದ ಕಡ್ಡಿಗಳು ಸಾಮಾನ್ಯವಾಗಿ ಬರುವುದು 32 ಇಂಚಿಗೆ. ಮೊನೆಯ ಟೊಪ್ಪಿಗೆ ಕೂರಲು ಒಂದು ತುದಿಯನ್ನು 5 ಡಿಗ್ರಿ ಓರೆಗೆ ಹೆರೆಯಬೇಕು, ಪ್ಲಾಸ್ಟಿಕ್ ನಾಕ್ (ಹೆದೆ ಕೂರುವ ಕಚ್ಚು) ಕೂರಲು ಇನ್ನೊಂದನ್ನು 11 ಡಿಗ್ರಿಗೆ. ಮೊನೆಯೊಳಗೆ ಮುಕ್ಕಾಲರಿಂದ ಒಂದು ಇಂಚು ಮರ ಮರೆಯಾಗಿ, ಕಚ್ಚಿನಿಂದ ಮೊನೆಯ ಹಿಂಬದಿಗೆ ಉಳಿಯುವುದು 31 ಇಂಚಿನಷ್ಟು. ಅಂದರೆ 30 ಇಂಚು ಎಳೆಯುವವನು ಹೇಗೋ ಪಾರಾದಾನು. 31 ಎಳೆಯುವವನಿಗೆ 33 ಇಂಚಿನ ಕಡ್ಡಿಯೇ ಬೇಕು.

ಉದ್ದನೆಯ ಕಡ್ಡಿ ಹುಡುಕಿದರೆ ಕೆಲಸ ಮುಗಿಯಿತೆಂದು ತಿಳಿಯುವುದೇ ಇಲ್ಲಿನ ದೊಡ್ಡ ತಪ್ಪು. ಬಿಲ್ಲಿನಿಂದ ಹೊರಡುವಾಗ ಬಾಣ ನೆಟ್ಟಗಿರುವುದಿಲ್ಲ. ಬೆರಳುಗಳಿಂದ ಜಾರುವ ಹೆದೆ ಪಕ್ಕಕ್ಕೆ ತುಸು ಸರಿಯುತ್ತದೆ, ಹಿಂದಿನಿಂದ ಬಲ ನೂಕುತ್ತದೆ, ಮುಂದಿನ ಮೊನೆ ಜಡವಾಗಿ ಕೂತಿರುತ್ತದೆ. ನಡುವೆ ಸಿಕ್ಕ ಕಡ್ಡಿ ಬಾಗುತ್ತದೆ, ಮರುಕ್ಷಣ ಎದುರು ದಿಕ್ಕಿಗೆ ಬಾಗುತ್ತದೆ. ಈ ಓಲಾಟದ ಲಯ ಬಿಲ್ಲಿಗೆ ಹೊಂದಿದರೆ ಬಾಣ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಗರಿ ತಾಗಿಸದೆ ಪಾರಾಗುತ್ತದೆ. ಬಲಗೈ ಬಿಲ್ಲುಗಾರನ ಬಾಣ ಅತಿ ಬಿರುಸಾಗಿದ್ದರೆ ಎಡಕ್ಕೆ ಹೋಗುತ್ತದೆ, ಅತಿ ಮೆತ್ತಗಿದ್ದರೆ ಬಲಕ್ಕೆ.

ಉದ್ದ ಹೆಚ್ಚಿದಂತೆ ಕಡ್ಡಿ ಮೆತ್ತಗಾಗುತ್ತದೆ, ಅದೂ ನಾವೆಣಿಸುವುದಕ್ಕಿಂತ ಬೇಗ. ಹಿಂದಿನಿಂದ ಒತ್ತಿದಾಗ ಬಾಗದೆ ತಡೆಯುವ ಶಕ್ತಿ ಉದ್ದದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 28 ಇಂಚಿನ ಕಡ್ಡಿಯದೇ ದಪ್ಪ, ಅದೇ ಮರ, ಉದ್ದ ಮಾತ್ರ 31 ಮಾಡಿದರೆ ಆ ಶಕ್ತಿಯಲ್ಲಿ ಶೇ 18 ಹೋಯಿತು. ಇನ್ನೊಂದು ಕಡೆ, 28ರ ಆಚೆ ಎಳೆದ ಪ್ರತಿ ಇಂಚಿಗೆ ಬಿಲ್ಲಿನ ಬಲ ಎರಡೂವರೆ ಮೂರು ಪೌಂಡು ಏರುತ್ತದೆ. ಒಂದೇ ಉದ್ದನೆಯ ತೋಳಿನಿಂದ ಎರಡು ಪೆಟ್ಟು.

ಲೆಕ್ಕ ಹಾಕಿ ನೋಡೋಣ. ಬಿಲ್ಲಿನ ಮೇಲೆ 28 ಇಂಚಿಗೆ 45 ಪೌಂಡು ಎಂದು ಬರೆದಿದೆ. 31ಕ್ಕೆ ಎಳೆದರೆ ಬೆರಳಿಗೆ ಬೀಳುವುದು ಸುಮಾರು 53. ಬಾಣದ ಬಿರುಸನ್ನು ಹೇಳುವುದೂ ಬಿಲ್ಲಿನಂತೆ ಪೌಂಡಿನಲ್ಲೇ. ಬಾಣ 28 ಮೀರಿದ ಪ್ರತಿ ಇಂಚಿಗೆ 5 ಪೌಂಡಿನಷ್ಟು ಬಿರುಸು ಹೆಚ್ಚಿರಲಿ ಎಂಬುದು ಬಾಣ ಮಾಡುವವರ ರೂಢಿ. ಮೂರು ಇಂಚಿಗೆ 15 ಕೂಡಿಸಿ, ಒಟ್ಟು 68. ಇದು 125 ಗ್ರೇನಿನ, ಅಂದರೆ ಸುಮಾರು 8 ಗ್ರಾಮಿನ ಮೊನೆಗೆ. ಅದಕ್ಕಿಂತ 25 ಗ್ರೇನ್ ಭಾರವಾದರೆ ಇನ್ನೊಂದು 5. ಬಾಣ ಹಾಯಲು ಹಿಡಿಯ ಮೇಲೆ ಮಾಡುವ ಕಿಟಕಿಯನ್ನು ನಡುಗೆರೆಯವರೆಗೆ ಕೊರೆದ ಬಿಲ್ಲು, ಹಿಗ್ಗದ ಹೊಸ ಬಗೆಯ ಹೆದೆ ಇದ್ದರೆ ಮತ್ತೂ ಸ್ವಲ್ಪ. ಕಿಟಕಿಯೇ ಇಲ್ಲದ ಒಂದೇ ಮರದ ತುಂಡಿನ ಬಿಲ್ಲಿಗೆ ಐದರಿಂದ ಹತ್ತು ಕಡಿಮೆ. ಬಿಲ್ಲಿನ ಮೇಲಿನ 45 ಓದಿ 45-50ರ ಕಟ್ಟು ತಂದವನ ಬಾಣಗಳು ಹೆಚ್ಚುಕಡಿಮೆ 20 ಪೌಂಡು ಮೆತ್ತಗಿರುತ್ತವೆ. ಅವು ಬಲಕ್ಕೆ ಹೋಗುವುದಕ್ಕೆ ಅವನು ತನ್ನ ಕೈಯನ್ನು ಬೈದುಕೊಳ್ಳುತ್ತಾನೆ, ಪಾಪ.

ಈ ಬಿರುಸಿಗೆ ಸ್ಪೈನ್ ಎಂದು ಹೆಸರು. ಅಳೆಯುವುದು ಮನೆಯಲ್ಲೇ ಆಗುತ್ತದೆ. ಹಲಗೆಗೆ 26 ಇಂಚು, ಅಂದರೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು ಕಡ್ಡಿಯನ್ನು ಅಡ್ಡ ಇಡಿ. ನಟ್ಟನಡುವೆ 2 ಪೌಂಡಿನ, ಎಂದರೆ 907 ಗ್ರಾಮಿನ ತೂಕ ತೂಗುಹಾಕಿ. ನೀರು ತುಂಬಿದ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ 907ಕ್ಕೆ ಸರಿಮಾಡಿಕೊಂಡರೂ ನಡೆಯುತ್ತದೆ. ನಡುಭಾಗ ಎಷ್ಟು ಮಿಲಿಮೀಟರ್ ತಗ್ಗಿತೆಂದು ನೋಡಿ, 660ನ್ನು ಅದರಿಂದ ಭಾಗಿಸಿ. 13.2 ಮಿ.ಮೀ. ತಗ್ಗಿದರೆ 50 ಪೌಂಡಿನ ಸ್ಪೈನ್, 9.7 ತಗ್ಗಿದರೆ 68. ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಲೇಬೇಕು, ಏಕೆಂದರೆ ಮರ ಎಲ್ಲ ಬದಿಗೂ ಒಂದೇ ಸಮ ಬಾಗುವುದಿಲ್ಲ. ಹೆಚ್ಚು ಬಿರುಸಾದ ಬದಿಯೇ ಬಿಲ್ಲಿಗೆ ತಾಗುವಂತೆ ಕಚ್ಚು ಕೂರಿಸುವುದು ಪದ್ಧತಿ.

ಇನ್ನು ಮರದ ಮಾತು. ಬಾಣಕ್ಕೆ ಹೆಸರಾದದ್ದು ಪೋರ್ಟ್ ಆರ್ಫರ್ಡ್ ಸೀಡರ್. ಅಮೆರಿಕದ ಆರೆಗನ್ ರಾಜ್ಯದ ದಕ್ಷಿಣ ತುದಿ ಮತ್ತು ಕ್ಯಾಲಿಫೋರ್ನಿಯಾದ ಉತ್ತರ ತುದಿ ಬಿಟ್ಟರೆ ಅದು ಬೇರೆಲ್ಲೂ ಕಾಡುಮರವಾಗಿ ಬೆಳೆಯುವುದಿಲ್ಲ. ಹೆರೆದರೆ ಶುಂಠಿಯಂಥ ಘಾಟು. 1952ರಲ್ಲಿ ಅದರ ತವರಿಗೆ ಬೇರು ಕೊಳೆಸುವ ರೋಗ ಕಾಲಿಟ್ಟಿತು. ನೇರ ನಾರಿನ ಹಳೆಯ ದೊಡ್ಡ ಮರಗಳು ಈಗ ಅಪರೂಪ. ಹಗುರ ಮರ, ನಯವಾಗಿ ಹಾರುತ್ತದೆ, ಆದರೆ ನೀಳ ತೋಳಿನವನಿಗೆ ಅದರ ಬಿರುಸು ಸಾಲದು. 23/64 ಇಂಚು ದಪ್ಪದ, ಎಂದರೆ 9.13 ಮಿ.ಮೀ. ದಪ್ಪದ ಕಡ್ಡಿಗೆ ಮರದ ಸರಾಸರಿ ಗಡಸು ಹಾಕಿ ಲೆಕ್ಕ ಮಾಡಿದರೆ ಸೀಡರಿಗೆ 50ರ ಆಸುಪಾಸು ಸ್ಪೈನ್ ಬರುತ್ತದೆ, ಡಗ್ಲಸ್ ಫರ್‌ಗೆ 56ರ ಸುಮಾರು. ನಮಗೆ ಬೇಕಾದ್ದು 68. ಆದ್ದರಿಂದ ಒಂದೋ ಸರಾಸರಿಗಿಂತ ಬಿರುಸಾದ ಕಡ್ಡಿಗಳನ್ನು ಒಂದೊಂದಾಗಿ ಆರಿಸಬೇಕು, ಇಲ್ಲವೇ ದಪ್ಪ ಹೆಚ್ಚಿಸಬೇಕು.

ದಪ್ಪದ ಮಹಿಮೆ ದೊಡ್ಡದು. ದುಂಡು ಕಡ್ಡಿಯ ಬಿರುಸು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. 23/64ರಿಂದ 3/8 ಇಂಚಿಗೆ ಹೋದರೆ ವ್ಯಾಸ ಹೆಚ್ಚುವುದು 0.4 ಮಿ.ಮೀ. ಮಾತ್ರ, ಬಿರುಸು ಹೆಚ್ಚುವುದು ಶೇ 18ಕ್ಕಿಂತ ಜಾಸ್ತಿ. ಸಾಧಾರಣ ಡಗ್ಲಸ್ ಫರ್ ಕೂಡ ಆಗ 66-67 ಮುಟ್ಟುತ್ತದೆ. ತೂಕ ಏರುವುದು ಶೇ 9ರಷ್ಟೇ. ಉದ್ದ ಎಳೆತದವರಿಗೆ ಮೊದಲು ಹೇಳಬೇಕಾದ ಮರ ಇದೇ: 33 ಇಂಚಿಗಿಂತ ಉದ್ದನೆಯ, 23/64 ಅಥವಾ 3/8ರ ಡಗ್ಲಸ್ ಫರ್.

ಗಟ್ಟಿ ಮರ ಹಾಕಿದರಾಯಿತಲ್ಲ ಎಂದು ಆಶ್ ಮರಕ್ಕೆ ಹೋಗುವವರುಂಟು. ಆಶ್ ಸೀಡರಿಗಿಂತ ಕೂದಲಷ್ಟೇ ಬಿರುಸು, ತೂಕ ಮಾತ್ರ ಒಂದೂವರೆ ಪಟ್ಟು. 32 ಇಂಚಿನ 23/64 ಕಡ್ಡಿ ಸೀಡರಿನದಾದರೆ 25 ಗ್ರಾಂ, ಡಗ್ಲಸ್ ಫರ್ 27, ಆಶ್ 36ರ ಹತ್ತಿರ. 50 ಪೌಂಡಿನ ಬಿಲ್ಲಿಗೆ ಅದು ಹೊರೆ. ದೂರದ ಗುರಿಗೆ ಬಾಣ ತಲುಪುವ ಮೊದಲೇ ಇಳಿಯತೊಡಗುತ್ತದೆ. ಬರ್ಚ್ ಬಿರುಸಿದೆ, ಗಟ್ಟಿಮುಟ್ಟಿದೆ, ಅದೂ ಭಾರವೇ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಾವಿರಾರು ಬಾಣಗಳು ಸಿಕ್ಕಿವೆ. ಕಿವಿಯವರೆಗೆ ಎಳೆಯುತ್ತಿದ್ದ ಆ ಸೈನಿಕರಿಗೆ 30 ಇಂಚಿನ ಎಳೆತ ಸಾಮಾನ್ಯ. ಅವರ ಬಾಣಗಳಲ್ಲಿ ಹೆಚ್ಚಿನವು ಹಗುರವಾದ ಪಾಪ್ಲರ್ ಮರದವು, ಬಿರುಸನ್ನು ತಂದುಕೊಂಡದ್ದು ದಪ್ಪದಿಂದ. ನಮ್ಮ ಕಾವ್ಯಗಳ ವೀರರೂ ಆಕರ್ಣಾಂತ ಎಳೆದವರೇ. ಕಡ್ಡಿಯ ದಪ್ಪ ಎಷ್ಟೆಂದು ಕವಿಗಳು ಹೇಳಲಿಲ್ಲ, ಅಷ್ಟೆ.

ಅಷ್ಟು ಉದ್ದನೆಯ ಕಡ್ಡಿ ಸಿಗದಿದ್ದರೆ ಕಸಿ ಕಟ್ಟುವುದು. ಮಾವಿನ ಗಿಡಕ್ಕೆ ಸೀಳು ಕಸಿ ಕಟ್ಟುತ್ತಾರಲ್ಲ, ಥೇಟ್ ಅದೇ ಉಪಾಯ. ಹಿಕರಿ, ಆಶ್ ಅಥವಾ ಅಂಥದೇ ಗಡುಸಾದ ಮರದ 12 ಮಿ.ಮೀ. ಚೌಕದ, 10 ಇಂಚು ಉದ್ದದ ತುಂಡು ತೆಗೆದುಕೊಳ್ಳಿ. ಒಂದು ತುದಿಯಿಂದ ನಡುಗೆರೆ ಹಿಡಿದು ತೆಳು ಗರಗಸದಲ್ಲಿ 7 ಇಂಚು ಸೀಳಿ. ಸೀಳು ನಿಂತ ಜಾಗಕ್ಕೆ ದಾರ ಬಿಗಿದು ಸುತ್ತಿ, ಇಲ್ಲದಿದ್ದರೆ ಬೆಣೆ ಹೊಗಿಸುವಾಗ ತುಂಡು ತುದಿಯವರೆಗೂ ಬಿರಿಯುತ್ತದೆ. 32 ಇಂಚಿನ ಕಡ್ಡಿಯ ಮುಂತುದಿಯ 7 ಇಂಚನ್ನು ಎರಡು ಬದಿಯಿಂದ ಸಮನಾಗಿ ಕೀಸುಳಿ ಹೊಡೆದು, ತುದಿಯಲ್ಲಿ ಗರಗಸದ ಸೀಳಿನಷ್ಟೇ ದಪ್ಪ ಉಳಿಯುವ ಬೆಣೆ ಮಾಡಿ. ಎರಡಕ್ಕೂ ನೀರಿಗೆ ಬಿಡದ ಅಂಟು ಹಚ್ಚಿ ನಿಧಾನ ಒತ್ತಿದರೆ ತುಂಡಿನ ಎರಡು ಕೆನ್ನೆ ಅರಳಿ ಬೆಣೆಯನ್ನು ಅಪ್ಪಿಕೊಳ್ಳುತ್ತವೆ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ ಒಂದು ದಿನ ಬಿಡಿ. ಆಮೇಲೆ ಎಂಟು ಮೂಲೆ, ಹದಿನಾರು ಮೂಲೆ ಮಾಡುತ್ತ ದುಂಡಗೆ ಹೆರೆದರೆ ಗಡುಸು ಮರದ ಎರಡು ಚೂಪು ನಾಲಿಗೆಗಳು ಕಡ್ಡಿಯ ಮೇಲೆ ತಾವಾಗಿ ಮೂಡುತ್ತವೆ. ಉದ್ದ 35 ಇಂಚಾಯಿತು.

ಕೆಡುವುದು ಹೆಚ್ಚಾಗಿ ಬೆಣೆಯಲ್ಲಿ. ಒಂದು ಬದಿ ಕೂದಲಷ್ಟು ಹೆಚ್ಚು ಹೆರೆದಿದ್ದರೂ ಮೊನೆ ನಡುಗೆರೆ ತಪ್ಪಿ, ಬಾಣ ತಿರುಗುವಾಗ ತೂರಾಡುತ್ತದೆ. ಇನ್ನೊಂದು ಸಂಗತಿ: ಮುಂದೆ ಗಡಸು ಮರ ಬಂದದ್ದರಿಂದ ಆ ಭಾಗ ಬಾಗುವುದಿಲ್ಲ, ಜೊತೆಗೆ ತೂಕವೂ ಮುಂದಕ್ಕೆ ಸರಿದಿರುತ್ತದೆ. ಮೊದಲನೆಯದು ಬಾಣವನ್ನು ಬಿರುಸು ಮಾಡುತ್ತದೆ, ಎರಡನೆಯದು ಮೆತ್ತಗೆ. ಯಾವುದು ಗೆದ್ದಿತೆಂದು ಹೊಡೆದೇ ನೋಡಬೇಕು. ಮೊನೆಯ ಹಿಂದೆಯೇ ಮುರಿಯುವ ಮರದ ಬಾಣದ ಹಳೆಯ ಚಾಳಿಯಂತೂ ಕಸಿಯಿಂದ ಬಹುಪಾಲು ನಿಲ್ಲುತ್ತದೆ.

ಬಿದಿರಿಗೆ ಉದ್ದದ ಚಿಂತೆಯೇ ಇಲ್ಲ. ಜಪಾನಿನ ಕ್ಯೂಡೊದಲ್ಲಿ ಕಿವಿಯ ಹಿಂದಕ್ಕೆ ಎಳೆಯುತ್ತಾರೆ, ಬಾಣಗಳು ಸಾಮಾನ್ಯವಾಗಿ 90 ಸೆಂಟಿಮೀಟರ್ ಮೀರುತ್ತವೆ. ಅವರ ಸಾಂಪ್ರದಾಯಿಕ ಬಾಣ ಯಾದಾಕೆ ಎಂಬ ಸಣ್ಣ ಬಿದಿರಿನದು. ಚೀನಾದ ಟೊಂಕಿನ್ ಬಿದಿರೂ ಬಾಣಕ್ಕೆ ಪ್ರಸಿದ್ಧ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲೂ ಬಿದಿರಿನ ಬಿಲ್ಲೇ ಬಳಕೆ, ಆದ್ದರಿಂದ ಇಲ್ಲಿನವರಿಗೆ ಬಿದಿರು ಅಪರಿಚಿತವಲ್ಲ. ಟೊಳ್ಳಾದ್ದರಿಂದ ತೂಕ ಕಡಿಮೆ, ಬಿರುಸು ಹೆಚ್ಚು. ಕಷ್ಟ ಇರುವುದು ಗೆಣ್ಣುಗಳಲ್ಲಿ: ಪ್ರತಿ ಗೆಣ್ಣನ್ನೂ ಕೆಂಡದ ಅಥವಾ ಬಿಸಿಗಾಳಿಯ ಶಾಖಕ್ಕೆ ಹಿಡಿದು ನೇರ ಮಾಡಬೇಕು. ಒಂದೇ ತೂಕ, ಒಂದೇ ಸ್ಪೈನಿನ ಡಜನ್ ಹೊಂದಿಸಲು ನಲವತ್ತು ಐವತ್ತು ಬಿದಿರನ್ನಾದರೂ ಅಳೆಯುವ ತಾಳ್ಮೆ ಬೇಕು.

ಹಾರ್ಡ್‌ವೇರ್ ಅಂಗಡಿಯ ಅಗ್ಗದ ದುಂಡು ಕಡ್ಡಿ ಬೇಡ ಎನ್ನಲು ಕಾರಣ ಬಿರುಸಲ್ಲ, ನಾರು. ಯಂತ್ರ ಹೆರೆಯುವಾಗ ನಾರಿನ ದಾರಿ ನೋಡುವುದಿಲ್ಲ, ಹಾಗಾಗಿ ನಾರು ಓರೆಯಾಗಿ ಕಡ್ಡಿಯಿಂದ ಹೊರಬೀಳುತ್ತದೆ. ಅಂಥ ಕಡ್ಡಿ ಹೆದೆಯ ಹೊಡೆತಕ್ಕೆ ಓರೆಯಾಗಿ ಸೀಳಿ ಈಟಿಯಾಗುತ್ತದೆ. ಒಳ್ಳೆಯ ಕಡ್ಡಿಯಲ್ಲೂ ಅಲ್ಪಸ್ವಲ್ಪ ಓರೆ ಇದ್ದೇ ಇರುತ್ತದೆ, ಅದು ಮೇಲ್ಮೈ ಮೇಲೆ ಬಾಣದ ತಲೆಯಂಥ ಚೂಪು ಗುರುತಾಗಿ ಕಾಣುತ್ತದೆ. ಬಾಣ ಹೂಡಿದಾಗ ಮೇಲ್ಬದಿಯ ಚೂಪುಗಳು ಮೊನೆಯ ಕಡೆ ನೋಡುವಂತೆ ಕಚ್ಚು ಕೂರಿಸಿ. ಆಗ ಮುರಿದರೂ ಹಿಂದಿನ ತುಂಡು ಮೇಲಕ್ಕೆ ಜಾರುತ್ತದೆ, ಕೆಳಗಿರುವ ಕೈಗೆ ಬರುವುದಿಲ್ಲ. ಕಚ್ಚು ವಾರ್ಷಿಕ ಉಂಗುರಗಳನ್ನು ಅಡ್ಡ ಕತ್ತರಿಸಬೇಕು. ಅವುಗಳ ಜೊತೆಗೇ ಸಾಗಿದರೆ ಹೆದೆಯೇ ಬೆಣೆಯಾಗಿ ಕಡ್ಡಿಯನ್ನು ಸೀಳುತ್ತದೆ. ಪ್ರತಿ ಸಲ ಹೊಡೆಯುವ ಮುನ್ನ ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ತಿರುಗಿಸಿ ಮತ್ತೆ ಬಾಗಿಸಿ. ಚಿಟ್ ಎಂದರೆ ಆ ಬಾಣ ಒಲೆಗೆ.

ಕಡೆಗೆ ಹೊಂದಿಸುವ ಕೆಲಸ. 28 ಇಂಚಿನವನಿಗೆ ಇರುವ ಒಂದು ಸವಲತ್ತು 31ರವನಿಗಿಲ್ಲ: ಬಾಣ ಮೆತ್ತಗಾಯಿತೆಂದು ಅರ್ಧ ಇಂಚು ಕತ್ತರಿಸಿ ಬಿರುಸು ಮಾಡಿಕೊಳ್ಳುವುದು. ಇವನ ಬಾಣದಲ್ಲಿ ಕತ್ತರಿಸಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಲೆಕ್ಕ 68 ಎಂದರೆ 70-75ರ ಕಟ್ಟನ್ನೇ ಕೊಳ್ಳಬೇಕು, ಮೆತ್ತಗೆ ಮಾಡುವುದು ನಮ್ಮ ಕೈಯಲ್ಲಿದೆ. ಗರಿ ಅಂಟಿಸದ ಎರಡು ಬಾಣ, ಗರಿಯಿರುವ ಮೂರು ಬಾಣಗಳನ್ನು 15 ಹೆಜ್ಜೆ ದೂರದ ಮೆತ್ತನೆಯ ಗುರಿಗೆ ಹೊಡೆಯಿರಿ. ಬಲಗೈ ಬಿಲ್ಲುಗಾರನ ಬೋಳು ಬಾಣ ಗರಿಯ ಬಾಣಗಳ ಎಡಕ್ಕೆ ನಾಟಿದರೆ ಇನ್ನೂ ಬಿರುಸು. ಮೊದಲು 145 ಅಥವಾ 160 ಗ್ರೇನಿನ ಮೊನೆ ಹಾಕಿ ನೋಡಿ. ಸಾಲದಿದ್ದರೆ ಮರಳು ಕಾಗದ. ಕಡ್ಡಿಯ ಹಿಂತುದಿಯನ್ನು ಡ್ರಿಲ್ಲಿಗೆ ಕಚ್ಚಿಸಿ, 120ರ ಕಾಗದವನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದು ಮುಂದಕ್ಕೂ ಹಿಂದಕ್ಕೂ ಸಮನಾಗಿ ಓಡಿಸಿ. 9.13 ಮಿ.ಮೀ. ವ್ಯಾಸ 8.93ಕ್ಕೆ ಇಳಿದರೆ 75ರ ಕಡ್ಡಿ 69ಕ್ಕೆ ಬಂದಿರುತ್ತದೆ. ಮರ ಬಿಸಿಯಾಗುವಷ್ಟು ಒತ್ತಬೇಡಿ, ಹತ್ತು ಸಲ ಓಡಿಸಿದ ಮೇಲೆ ನಿಲ್ಲಿಸಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಮೂರು ಕಡೆ ಅಳೆದು, ಬಾಟಲಿ ತೂಗುಹಾಕಿ ಮತ್ತೆ ನೋಡಿ. ವಾರ್ನಿಷ್ ಹಚ್ಚುವುದು ಇದೆಲ್ಲ ಮುಗಿದ ಮೇಲೆ. ಕರಾವಳಿಯ ಮಳೆಗಾಲದಲ್ಲಾದರೆ ನಾಕಿನ ಓರೆಗೂ ಮೊನೆಯ ಓರೆಗೂ ಒಂದು ಕೈ ಹಚ್ಚಿಯೇ ಅಂಟಿಸಿ. ತೇವ ಒಳನುಗ್ಗುವುದು ಕಡ್ಡಿಯ ಮೈಯಿಂದಲ್ಲ, ಆ ಎರಡು ತುದಿಗಳಿಂದಲೇ ಹೆಚ್ಚು.