ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ಸರಿ. ತಿದ್ದುವವರು ಯಾರು?

2010ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಕೇಸು ಬಂದಿತ್ತು. ಮದುವೆಯಾಗದೆ ಒಟ್ಟಿಗೆ ಬಾಳಿದವರಿಗೆ ಜೀವನಾಂಶ ಸಿಗುತ್ತದೋ ಇಲ್ಲವೋ ಅನ್ನುವುದು ಪ್ರಶ್ನೆ. 'ಕಾಮನ್ ಲಾ ಮ್ಯಾರೇಜ್' ಅಂದರೇನು ಎಂದು ವಿವರಿಸುವಾಗ ತೀರ್ಪಿನಲ್ಲಿ ವಿಕಿಪೀಡಿಯದ ಪುಟವನ್ನೇ ತೋರಿಸಿದರು. 2023ರ ಜನವರಿಯಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಕಂಪ್ಯೂಟರ್ ಆಮದಿನ ಸುಂಕದ ಕೇಸು ನೋಡುತ್ತಿತ್ತು. ಕೆಳಗಿನ ಹಂತದವರು ವಿಕಿಪೀಡಿಯದಂಥ ಮೂಲಗಳನ್ನು ನೆಚ್ಚಿಕೊಂಡಿದ್ದರು. ಅದು ಜ್ಞಾನದ ಭಂಡಾರ ಹೌದು, ಆದರೆ ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಪೂರ್ತಿ ನಂಬುವ ಹಾಗಿಲ್ಲ ಎಂದು ಈ ಪೀಠ ಎಚ್ಚರಿಸಿತು.

ಕೋರ್ಟಿನ ಮಾತು ಬಿಡಿ, ನಮ್ಮ ಮನೆಗಳಲ್ಲೂ ಇದೇ ಕಥೆ ಅಲ್ವಾ? "ವಿಕಿಪೀಡಿಯದಿಂದ ಕಾಪಿ ಹೊಡೀಬೇಡಿ" ಎಂದು ಮಕ್ಕಳಿಗೆ ಹೇಳುವ ಮೇಷ್ಟ್ರು, ಕ್ವಿಜ್‌ಗೆ ಪ್ರಶ್ನೆ ತೆಗೆಯುವಾಗ ಅದನ್ನೇ ತೆರೆದು ಕೂರುತ್ತಾರೆ. ನಂಬಬೇಕೋ ಬೇಡವೋ ಎಂಬ ಈ ಗೋಜಲು ಶುರುವಾಗಿದ್ದು ಎಲ್ಲಿಂದ?

ಕನ್ನಡದಲ್ಲಿ ವಿಶ್ವಕೋಶದ ಕೆಲಸ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ತಂದದ್ದು 1936ರಲ್ಲಿ, ಮೂರು ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದ ಮೊದಲ ಸಂಪುಟ 1969ರಲ್ಲಿ ಬಂತು, 14ನೆಯದು 2004ರಲ್ಲಿ. ಲೇಖನಗಳನ್ನು ಬರೆದವರು ವಿದ್ವಾಂಸರು, ಅವರ ಮೇಲೆ ಸಂಪಾದಕರಿದ್ದರು. ನಂಬಿಕೆಗೆ ಕೊರತೆ ಇರಲಿಲ್ಲ. ಆದರೆ ಕೊನೆಯ ಸಂಪುಟ ಅಂಗಡಿಗೆ ಬರುವ ಹೊತ್ತಿಗೆ ಮೊದಲನೆಯದಕ್ಕೆ 35 ವರ್ಷ ವಯಸ್ಸಾಗಿತ್ತು.

ಅಮೆರಿಕದಲ್ಲಿ ವಿಕಿಪೀಡಿಯ ಶುರು ಮಾಡಿದ ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಇಬ್ಬರೂ ಮೊದಲು ಹಿಡಿದದ್ದು ಇದೇ ಹಳೆಯ ದಾರಿ. 2000ದಲ್ಲಿ ಶುರುವಾದ ನ್ಯೂಪೀಡಿಯ ಎಂಬ ಇಂಟರ್ನೆಟ್ ವಿಶ್ವಕೋಶದಲ್ಲಿ ತಜ್ಞರೇ ಬರೆಯಬೇಕಿತ್ತು. ಪ್ರತಿ ಲೇಖನವೂ ಏಳು ಹಂತದ ಪರಿಶೀಲನೆ ದಾಟಬೇಕಿತ್ತು. ವರ್ಷ ಕಳೆಯುವಷ್ಟರಲ್ಲಿ ಎರಡು ಡಜನ್ ಲೇಖನವೂ ಆಗಲಿಲ್ಲ. ಬೇಸತ್ತು, ಕರಡು ಬರೆಯುವುದಕ್ಕೆಂದು ಯಾರು ಬೇಕಾದರೂ ಕೈ ಹಾಕಬಹುದಾದ ಒಂದು ಜಾಗವನ್ನು ಪಕ್ಕದಲ್ಲಿ ತೆರೆದರು. ಅದು 2001ರ ಜನವರಿ 15. ಆ ಜಾಗವೇ ಬೆಳೆದು ವಿಕಿಪೀಡಿಯ ಆಯಿತು, ನ್ಯೂಪೀಡಿಯ ಬಾಗಿಲು ಹಾಕಿತು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2005ರಲ್ಲಿ. ಜಾನ್ ಸೀಗನ್‌ಥೇಲರ್ ಅಮೆರಿಕದ ಹಿರಿಯ ಪತ್ರಕರ್ತ, ಒಂದು ಕಾಲದಲ್ಲಿ ರಾಬರ್ಟ್ ಕೆನಡಿ ಜೊತೆ ಕೆಲಸ ಮಾಡಿದವರು. ಅಧ್ಯಕ್ಷ ಜಾನ್ ಕೆನಡಿ, ಅವರ ತಮ್ಮ ರಾಬರ್ಟ್ ಇಬ್ಬರ ಕೊಲೆಯಲ್ಲೂ ಸೀಗನ್‌ಥೇಲರ್ ಕೈವಾಡದ ಶಂಕೆ ಇತ್ತು ಎಂದು ವಿಕಿಪೀಡಿಯದ ಅವರ ಪುಟದಲ್ಲಿ ಯಾರೋ ಬರೆದರು. ಜೊತೆಗೆ ಕೆಲಸ ಮಾಡುವವರಿಗೆ ತಮಾಷೆ ಮಾಡಲು ಬರೆದದ್ದಂತೆ! ಅದು ನಾಲ್ಕು ತಿಂಗಳು ಹಾಗೇ ಇತ್ತು. ಸೀಗನ್‌ಥೇಲರ್ ಪತ್ರಿಕೆಯಲ್ಲಿ ಬರೆದ ಮೇಲೆ ಗದ್ದಲ ಎದ್ದಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಇಲ್ಲದವರು ಹೊಸ ಪುಟ ಶುರು ಮಾಡುವ ಹಾಗಿಲ್ಲ ಎಂಬ ನಿಯಮ ಬಂತು. ಬದುಕಿರುವವರ ಬಗ್ಗೆ ಬರೆಯುವಾಗ ಆಧಾರ ಬೇಕೇ ಬೇಕು ಎಂಬ ಕಟ್ಟುನಿಟ್ಟೂ ಬಂತು.

ಅದೇ ವರ್ಷದ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ತಜ್ಞರಿಗೆ ಕೊಟ್ಟು ಬ್ರಿಟಾನಿಕಾ ವಿಶ್ವಕೋಶದ ಜೊತೆ ಹೋಲಿಸಿತು. ವಿಕಿಪೀಡಿಯದಲ್ಲಿ 162 ತಪ್ಪು, ಬ್ರಿಟಾನಿಕಾದಲ್ಲಿ 123. ಭಾರಿ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಹೋಲಿಸಿದ ಕ್ರಮವೇ ಸರಿಯಿಲ್ಲ ಎಂದು ಬ್ರಿಟಾನಿಕಾ ಸಿಟ್ಟಾಯಿತು, ನೇಚರ್ ಹಿಂದೆ ಸರಿಯಲಿಲ್ಲ. ಈ ಲೆಕ್ಕವನ್ನು ಇವತ್ತಿಗೂ ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಓದುತ್ತಾರೆ. ನನಗೆ ಕುತೂಹಲ ಅನ್ನಿಸುವುದು 123 ಎಂಬ ಸಂಖ್ಯೆ. ದುಡ್ಡು ಕೊಟ್ಟು ತಂದು ಗಾಜಿನ ಬೀರುವಿನಲ್ಲಿ ಇಟ್ಟ ಪುಸ್ತಕದಲ್ಲೂ ತಪ್ಪು ಇರುತ್ತಿತ್ತು, ಆದರೆ ಎಣಿಸಿದವರು ಕಡಿಮೆ. 2012ರಲ್ಲಿ ಬ್ರಿಟಾನಿಕಾ ಮುದ್ರಣ ನಿಲ್ಲಿಸಿತು.

ನಮ್ಮ ಪಕ್ಕದ ಗೋವಾದ ಕಥೆ ಇನ್ನೂ ಮಜವಾಗಿದೆ. 2007ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ 'ಬಿಚೋಲಿ ಸಂಘರ್ಷ' ಎಂಬ ಲೇಖನ ಬಂತು. 1640-41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ನಡೆದ ಯುದ್ಧ, ಕೊನೆಗೆ ಶಾಂತಿ ಒಪ್ಪಂದ. ಉದ್ದದ ಲೇಖನ, ಕೆಳಗೆ ಪುಸ್ತಕಗಳ ಪಟ್ಟಿ, ಓದಿದರೆ ಪ್ರೊಫೆಸರ್ ಬರೆದ ಹಾಗಿತ್ತು. ಕೆಲವೇ ತಿಂಗಳಲ್ಲಿ 'ಗುಡ್ ಆರ್ಟಿಕಲ್' ಎಂಬ ಬಿರುದೂ ಸಿಕ್ಕಿತು. ಐದು ವರ್ಷ ಅದು ಅಲ್ಲೇ ಇತ್ತು. 2012ರ ಕೊನೆಯಲ್ಲಿ ಒಬ್ಬ ಸ್ವಯಂಸೇವಕರು ಕೂತು ಆ ಪುಸ್ತಕಗಳನ್ನು ಒಂದೊಂದಾಗಿ ಹುಡುಕಿದರು. ಅಂಥ ಪುಸ್ತಕಗಳೇ ಇರಲಿಲ್ಲ. ಯುದ್ಧವೂ ನಡೆದಿರಲಿಲ್ಲ.

ನಮ್ಮ ಹೈಸ್ಕೂಲು ಇತಿಹಾಸ ಓದಿದವರು ಆ ಇಸವಿ ನೋಡಿದ್ದರೆ ಸಾಕಿತ್ತು. 1640ರಲ್ಲಿ ಶಿವಾಜಿ ಇನ್ನೂ ಹುಡುಗ. ಮರಾಠಾ ಸಾಮ್ರಾಜ್ಯ ಎಂಬುದೇ ಹುಟ್ಟಿರಲಿಲ್ಲ. ಬಿಚೋಲಿ ಆಗ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಬಿರುದು ಕೊಟ್ಟವರು ವಾಕ್ಯ, ಅಡಿಟಿಪ್ಪಣಿ, ಅಂದಚಂದ ನೋಡಿದ್ದರು. ವಿಷಯ ಗೊತ್ತಿದ್ದವರು ಯಾರೂ ಆ ದಾರಿಯಲ್ಲಿ ಹೋಗಿರಲಿಲ್ಲ, ಅಷ್ಟೆ.

ಇನ್ನು ಕನ್ನಡಕ್ಕೆ ಬರೋಣ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರ ಜೂನ್‌ನಲ್ಲಿ. ವಿಶ್ವಕೋಶದ ಕೊನೆಯ ಸಂಪುಟಕ್ಕಿಂತ ಒಂದು ವರ್ಷ ಮೊದಲು! ಆಗ ಕಂಪ್ಯೂಟರಿನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಮೂಡಿದರೆ ಅದೇ ಹಬ್ಬ. ಒತ್ತಕ್ಷರ ಒಡೆದು ಚೌಕ ಚೌಕವಾಗಿ ಕಾಣುತ್ತಿತ್ತು. ಬರೆಯುತ್ತಿದ್ದವರು ಬೆರಳೆಣಿಕೆಯ ಜನ, ಹೆಚ್ಚಿನವರು ಹಗಲೆಲ್ಲ ಬೇರೆ ಕೆಲಸ ಮಾಡಿ ರಾತ್ರಿ ಕೂರುವವರು. ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟರು. ಎರಡು ಸಾಲಿನ ಲೇಖನಕ್ಕೆ 'ಚುಟುಕು' ಎಂದರು. ಆ ಹೆಸರುಗಳಲ್ಲೇ ಒಂದು ಪ್ರೀತಿ ಇತ್ತು.

2009ರ ಸುಮಾರಿಗೆ ಗೂಗಲ್ ಭಾರತದ ಭಾಷೆಗಳ ಕಡೆ ತಿರುಗಿತು. ಜನ ಜಾಸ್ತಿ ಹುಡುಕುವ ಇಂಗ್ಲಿಷ್ ಲೇಖನಗಳನ್ನು ಆಯ್ದು, ತನ್ನದೇ ಅನುವಾದ ಸಲಕರಣೆ ಕೊಟ್ಟು, ಅನುವಾದಕರಿಂದ ಮಾಡಿಸಿ ಹಿಂದಿ, ತಮಿಳು, ತೆಲುಗು, ಕನ್ನಡ, ಬಂಗಾಳಿ ವಿಕಿಪೀಡಿಯಗಳಿಗೆ ಹಾಕಿಸಿತು. ಉದ್ದೇಶ ಒಳ್ಳೆಯದೇ. ಬಂಗಾಳಿಯವರು ಗುಣಮಟ್ಟ ಸರಿಯಿಲ್ಲ, ಬೇಡ ಎಂದುಬಿಟ್ಟರು. ಕನ್ನಡದಲ್ಲಿ ಲೇಖನಗಳು ಬಂದು ಕೂತವು. ಹಾಲಿವುಡ್ ನಟರು, ಔಷಧಿಗಳು, ಕಂಪನಿಗಳು, ಎಲ್ಲವೂ ಉದ್ದುದ್ದ. ಕನ್ನಡ ಮಾತ್ರ ಬೇರೆ ಯಾವುದೋ ಲೋಕದ್ದು. 'ಈ ಔಷಧವನ್ನು ಬಾಯಿಯ ಮೂಲಕ ಆಡಳಿತ ಮಾಡಲಾಗುತ್ತದೆ.' ಇದು ಮಾದರಿಗೆಂದು ನಾನೇ ಕಟ್ಟಿದ ವಾಕ್ಯ, ಆದರೆ ಆ ಲೇಖನಗಳನ್ನು ಓದಿದವರಿಗೆ ಧಾಟಿ ಥಟ್ಟನೆ ಗೊತ್ತಾಗುತ್ತದೆ. ಇದರಲ್ಲಿ ಮಾಹಿತಿ ತಪ್ಪು ಎನ್ನುವ ಹಾಗಿಲ್ಲ. ಅರ್ಥವೇ ಆಗದ್ದನ್ನು ತಪ್ಪು ಅನ್ನುವುದು ಹೇಗೆ? ಓದುಗ ಎರಡು ಸಾಲು ಓದಿ ಇಂಗ್ಲಿಷ್ ಪುಟಕ್ಕೆ ಹೋಗುತ್ತಿದ್ದ. ಓದುಗ ಹೋದ ಮೇಲೆ ತಿದ್ದುವವನೂ ಹೋದ ಹಾಗೆಯೇ.

ಆಮೇಲೆ ಕಾಲೇಜುಗಳ ಸರದಿ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸಿದರು. ಪುಸ್ತಕ, ಜಾಲತಾಣಗಳಿಂದ ಎತ್ತಿ ಹಾಕಿದ್ದೇ ಹೆಚ್ಚಾಗಿ, ಅದೇ ವರ್ಷ ಯೋಜನೆ ಮುಚ್ಚಬೇಕಾಯಿತು. ಆಮೇಲೆ ಕರ್ನಾಟಕದಲ್ಲೂ ಕೆಲವು ಕಾಲೇಜುಗಳು ಕನ್ನಡಕ್ಕೆ ಬರೆಸಿದವು. ಅಲ್ಲಿಂದ ಒಳ್ಳೆಯ ಬರಹಗಾರರೂ ಬಂದರು, ಇಂಟರ್ನಲ್ಸ್ ಮಾರ್ಕು ಸಿಕ್ಕ ಮರುದಿನ ಮಾಯವಾದವರೂ ಇದ್ದರು. ಮಾರ್ಕಿಗೆ ಬರೆದದ್ದನ್ನು ಬರೆದವನೇ ಎರಡನೇ ಸಲ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ ಅನ್ನಿ.

2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ದೊಡ್ಡ ಮನಸ್ಸು ಮಾಡಿ ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ವಿದ್ವಾಂಸರು ಬರೆದ ಲೇಖನಗಳು ಕನ್ನಡ ವಿಕಿಪೀಡಿಯಕ್ಕೆ ಬಂದವು. ಇದಕ್ಕಿಂತ ನಂಬಿಕಸ್ತ ಮೂಲ ಎಲ್ಲಿ ಸಿಗುತ್ತದೆ? ಆದರೆ ಬರೆದ ಕಾಲದಲ್ಲಿ ಸರಿಯಾಗಿದ್ದ ಜನಸಂಖ್ಯೆ, ಹೊಸ ಜಿಲ್ಲೆ ಆಗುವ ಮುಂಚಿನ ಗಡಿ, ಈಗ ಮುಚ್ಚಿಹೋದ ಕಾರ್ಖಾನೆ, ಇವನ್ನು ಕೂತು ಹೊಸದು ಮಾಡಬೇಕಲ್ಲ? ಕನ್ನಡ ವಿಕಿಪೀಡಿಯದಲ್ಲಿ ಈಗ 30 ಸಾವಿರಕ್ಕೂ ಜಾಸ್ತಿ ಲೇಖನಗಳಿವೆ. ಇಂಗ್ಲಿಷಿನಲ್ಲಿ ಸುಮಾರು 70 ಲಕ್ಷ. ಅಲ್ಲಿ ಯಾರಾದರೂ ಕೆಟ್ಟ ಮಾತು ಬರೆದರೆ ಬಾಟ್ (ತಾನಾಗಿಯೇ ಕೆಲಸ ಮಾಡುವ ಪ್ರೋಗ್ರಾಂ) ಒಂದು ನಿಮಿಷದೊಳಗೇ ಅಳಿಸಿಬಿಡಬಹುದು. ನಮ್ಮಲ್ಲಿ 'ಇತ್ತೀಚಿನ ಬದಲಾವಣೆಗಳು' ಪುಟವನ್ನು ದಿನಾ ನೋಡುವವರು ಹೆಚ್ಚಿಲ್ಲ. ಅವರಿಗೂ ಮನೆ, ಕೆಲಸ, ನಿದ್ದೆ ಇರುತ್ತವೆ.

ನಾವೊಬ್ಬರೇ ಹೀಗಲ್ಲ. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಸಾವಿರಾರು ಲೇಖನ ಬರೆದದ್ದು ಆ ಭಾಷೆಯೇ ಬಾರದ ಅಮೆರಿಕದ ಹುಡುಗ ಎಂದು 2020ರಲ್ಲಿ ಗೊತ್ತಾಯಿತು. ಚೀನೀ ವಿಕಿಪೀಡಿಯದಲ್ಲಿ ಒಬ್ಬರೇ ಕೂತು ಮಧ್ಯಯುಗದ ರಷ್ಯಾದ ಇಲ್ಲದ ಬೆಳ್ಳಿ ಗಣಿ, ನಡೆಯದ ಯುದ್ಧಗಳ ಬಗ್ಗೆ 200ಕ್ಕೂ ಹೆಚ್ಚು ಲೇಖನ ಹೆಣೆದದ್ದು 2022ರಲ್ಲಿ ಬಯಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಅರ್ಷ್‌ದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟ ರಾತ್ರಿ ಅವರ ಪುಟವನ್ನು ಕಿಡಿಗೇಡಿಗಳು ತಿರುಚಿದ್ದು ಮಾತ್ರ ನಿಮಿಷಗಳಲ್ಲೇ ಸರಿಹೋಯಿತು. ಅದನ್ನು ಲಕ್ಷಾಂತರ ಜನ ನೋಡುತ್ತಿದ್ದರು.

ಸುಳ್ಳು ಹೇಗೆ ಗಟ್ಟಿಯಾಗುತ್ತದೆ ಎನ್ನುವುದಕ್ಕೆ ಎಲ್ಲರೂ ಹೇಳುವ ಉದಾಹರಣೆ ಕೋವಾಟಿ ಎಂಬ ಪ್ರಾಣಿಯದು. 2008ರಲ್ಲಿ ಒಬ್ಬ ವಿದ್ಯಾರ್ಥಿ ಸುಮ್ನೆ ತಮಾಷೆಗೆ ಅದಕ್ಕೆ 'ಬ್ರೆಜಿಲಿಯನ್ ಆರ್ಡ್‌ವಾರ್ಕ್' ಎಂಬ ಅಡ್ಡಹೆಸರು ಸೇರಿಸಿದ. ಪತ್ರಿಕೆಗಳು ಅದನ್ನು ನೋಡಿ ಬರೆದವು, ಆ ಪತ್ರಿಕೆಯೇ ವಿಕಿಪೀಡಿಯದ ಸಾಲಿಗೆ ಆಧಾರವಾಯಿತು. ನಾನು ಅಷ್ಟು ದೂರ ಹೋಗಬೇಕಿಲ್ಲ. ಹತ್ತು ಹದಿನೈದು ವರ್ಷದ ಹಿಂದೆ ನಮ್ಮ ಊರಿನ ಪುಟಕ್ಕೆ ನಾನೇ ಒಂದು ಸಾಲು ಸೇರಿಸಿದ್ದೆ. 'ಇಲ್ಲಿನ ಕೆರೆಯನ್ನು ಪಾಳೇಗಾರನೊಬ್ಬ ಏಳು ಹಗಲು ಏಳು ರಾತ್ರಿಯಲ್ಲಿ ಕಟ್ಟಿಸಿದನು.' ಅಜ್ಜ ಹೇಳಿದ ಕಥೆ. ಯಾರೋ ಅದರ ಪಕ್ಕ 'ಸೂಕ್ತ ಉಲ್ಲೇಖನ ಬೇಕು' ಎಂಬ ಪಟ್ಟಿ ಹಚ್ಚಿದರು. ಎರಡು ವರ್ಷದ ಮೇಲೆ ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ ಅದೇ ಏಳು ಹಗಲು ಏಳು ರಾತ್ರಿ ಅಚ್ಚಾಯಿತು. ಪದ ಪದವೂ ನನ್ನದೇ. ಇನ್ನೊಬ್ಬರು ಆ ಸಂಚಿಕೆಯನ್ನು ಉಲ್ಲೇಖ ಎಂದು ಹಾಕಿ, ಆ ಪಟ್ಟಿ ಕಿತ್ತರು.

ಈಚೆಗೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ನಮ್ಮ ತಾಲ್ಲೂಕಿನ ಸಂಪುಟ ತೆರೆದು ನೋಡಿದೆ. ತೂಬಿನ ಹತ್ತಿರದ ಕಲ್ಲಿನ ಶಾಸನ ಅದರಲ್ಲಿದೆ. ಕೆರೆ ಆ ಪಾಳೇಗಾರನಿಗಿಂತ ಮುನ್ನೂರು ವರ್ಷ ಹಳೆಯದು. ಹೋಗಿ ನನ್ನ ಸಾಲು ಅಳಿಸಿದೆ. ಎರಡೇ ದಿನಕ್ಕೆ ವಾಪಸ್ ಬಂತು, 'ಉಲ್ಲೇಖ ಇರುವ ಮಾಹಿತಿ ತೆಗೆಯಬೇಡಿ' ಎಂಬ ಟಿಪ್ಪಣಿ ಸಮೇತ. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇದೆ. ಚರ್ಚೆ ಪುಟದಲ್ಲಿ ಶಾಸನದ ವಿವರ ಬರೆದು ಬಂದಿದ್ದೇನೆ.

ಹೋದ ತಿಂಗಳು ಅಕ್ಕನ ಮಗಳು ಶಾಲೆಯ ಪ್ರಾಜೆಕ್ಟಿಗೆ ಕೆರೆಯ ಬಗ್ಗೆ ಬರೆಯುತ್ತಿದ್ದಳು. ಮೊಬೈಲಿನ ಎಐಯನ್ನು ಕೇಳಿದ್ದಾಳೆ. ಅದು ಒಳ್ಳೆಯ ಕನ್ನಡದಲ್ಲಿ, ಪಾಳೇಗಾರನ ಸಮೇತ ಉತ್ತರ ಕೊಟ್ಟಿದೆ. ಯಾವ ಪುಸ್ತಕದಲ್ಲಿದೆ ಎಂದು ಅದೇನೂ ಹೇಳಿಲ್ಲ.

"ಮಾವ, ಇದು ಎಲ್ಲಿಂದ ಬಂತು?" ಎಂದಳು.

"ನಿನ್ನ ಮುತ್ತಜ್ಜ ಹೇಳಿದ್ದು" ಎಂದೆ.

"ಹಾಗಾದ್ರೆ ಉಲ್ಲೇಖ ಅಂತ ಮುತ್ತಜ್ಜನ ಹೆಸರು ಬರೀಲಾ?"