ಷೋಕೇಸಿನ ವರ್ಮೂತ್ ಮತ್ತು ಹುಳಿಯಾದ ಮಾರ್ಟಿನೆಜ್

ಪ್ರಶ್ನೆ: ನೀವು ಹೇಳಿದ ಅಳತೆಯಲ್ಲೇ ಜಿನ್, ವರ್ಮೂತ್ ಬೆರೆಸಿ ಮಾರ್ಟಿನೆಜ್ ಕಾಕ್‌ಟೇಲ್ ಮಾಡಿದೆ. ಹುಳಿ ಹುಳಿ, ಹಳೇ ಕಷಾಯದ ಥರ ಆಯ್ತು. ಯಾವ ಜಿನ್ ತಗೊಂಡ್ರೆ ಸರಿಹೋಗುತ್ತೆ?
(ಬೆಳಗಾವಿಯ ಓದುಗರು)

ಜಿನ್ ಬದಲಾಯಿಸಬೇಡಿ ಸಾಹೇಬ್ರೇ. ಮೊದಲು ವರ್ಮೂತ್ ಬಾಟಲಿ ಎಲ್ಲಿಟ್ಟಿದ್ದೀರಿ ಹೇಳಿ. ಷೋಕೇಸಿನಲ್ಲಿ ತಾನೆ?

ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. 'ಎಣ್ಣೆ ಹಳೇದಾದಷ್ಟೂ ರುಚಿ' ಅನ್ನೋ ನಂಬಿಕೆ ಮಾತ್ರ ಅಲುಗಾಡುವುದಿಲ್ಲ. ಟಿಳಕವಾಡಿಯ ಪರಿಚಯದವರೊಬ್ಬರ ಮನೆಯಲ್ಲಿ ಅಂಥದ್ದೊಂದು ಬಾಟಲಿ ನೋಡಿದೆ. ಅರ್ಧ ಖಾಲಿ, ಹೆಗಲ ಮೇಲೆ ಧೂಳು, ಮುಚ್ಚಳ ಅಂಟಂಟು. 'ಎರಡು ವರ್ಷದ್ದು' ಅಂತ ಹೆಮ್ಮೆಯಿಂದ ಸುರಿದರು. ಮೂಸಿದರೆ ವಿನೆಗರ್.

ವರ್ಮೂತ್ ಅಂದರೆ ವೈನ್. ದ್ರಾಕ್ಷಿ ವೈನಿಗೆ ಗಿಡಮೂಲಿಕೆ, ಸ್ವಲ್ಪ ಸ್ಪಿರಿಟ್ ಸೇರಿಸಿದ್ದು, ಅಷ್ಟೇ. ನಿಮ್ಮ ಜಿನ್ ಬಾಟಲಿ ಮೇಲೆ ಆಲ್ಕೋಹಾಲ್ ಶೇ. 42.8 ಅಂತ ಇರುತ್ತೆ ನೋಡಿ. ವರ್ಮೂತಿನದು ಸುಮಾರು 15ರಿಂದ 18. ಜಿನ್ ವರ್ಷಗಟ್ಟಲೆ ಇರುತ್ತೆ, ವರ್ಮೂತ್ ಇರಲ್ಲ. ಮುಚ್ಚಳ ತೆಗೆದ ದಿನದಿಂದ ಗಾಳಿ ಅದನ್ನು ತಿನ್ನತೊಡಗುತ್ತದೆ. ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ಜಾಸ್ತಿ. ಬೇಸಿಗೆಯ ಸೆಕೆ ಇದ್ದರಂತೂ ಕೇಳಬೇಡಿ. ವಿಸ್ಕಿ ಹಳೇದಾಗುವುದು ಮರದ ಪೀಪಾಯಿಯಲ್ಲಿ, ನಿಮ್ಮ ಕಪಾಟಿನಲ್ಲಲ್ಲ! ತೆಗೆದ ವರ್ಮೂತ್ ಫ್ರಿಜ್ಜಿಗೆ ಹೋಗಬೇಕು, ಒಂದೆರಡು ತಿಂಗಳಲ್ಲಿ ಮುಗಿಯಬೇಕು. ಸಣ್ಣ ಬಾಟಲಿ ಸಿಕ್ಕರೆ ಅದನ್ನೇ ತನ್ನಿ. ಇದಕ್ಕೆ ಹಾಕುವ ಆರೆಂಜ್ ಲಿಕರ್, ಅಂದರೆ ಕಿತ್ತಳೆ ಘಮದ ಸಿಹಿ ಮದ್ಯ, ಹೊರಗಿದ್ದರೂ ನಡೆಯುತ್ತೆ. ಅಂಥದ್ದೇ ಒಂದಾದ ಕ್ವಾಂಟ್ರೋದಲ್ಲಿ ಶೇ. 40 ಆಲ್ಕೋಹಾಲ್, ಜೊತೆಗೆ ಸಕ್ಕರೆ.

ದವನವನ್ನು ಕೈಯಲ್ಲಿ ಉಜ್ಜಿ ಮೂಸಿದ್ದೀರಿ ಅಲ್ವಾ? ವರ್ಮೂತಿಗೆ ಹೆಸರು ಕೊಟ್ಟದ್ದು ಅದರದೇ ಕುಲದ ಒಂದು ಕಹಿ ಗಿಡ. ಬಾಟಲಿ ಚೆನ್ನಾಗಿದ್ದರೆ ಅಂಥದ್ದೇ ಹಸಿರು ಕಹಿಘಮ ಬರಬೇಕು.

ಅಳತೆ ಇನ್ನೊಮ್ಮೆ, ಕೊನೇ ಸಲ. ಜಿನ್ ಒಂದೂವರೆ ಸ್ಮಾಲ್, ಅಂದರೆ 45 ಎಂಎಲ್. ಸಿಹಿ ಕೆಂಪು ವರ್ಮೂತ್ ಕೂಡ ಅಷ್ಟೇ ಅಳತೆ. ಆರೆಂಜ್ ಲಿಕರ್ ಒಂದು ಟೀ ಚಮಚ. ಅಂಗೋಸ್ಟುರಾ ಬಿಟರ್ಸ್ ಅನ್ನೋ ಕಹಿ ಮಸಾಲೆ ಸಾರ ಎರಡು ಚಿಮುಕು. ದೊಡ್ಡ ಐಸ್ ಹಾಕಿ ಅರ್ಧ ನಿಮಿಷ ತಿರುಗಿಸಿ, ಸೋಸಿ. ಆರೆಂಜ್ ಲಿಕರ್ ಬದಲು ಮರಾಸ್ಕಿನೋ ಅನ್ನೋ ಚೆರ್ರಿ ಲಿಕರ್ ಹಾಕುವವರೂ ಇದ್ದಾರೆ. 1887ರ ಒಂದು ಅಮೆರಿಕನ್ ಬಾರ್ ಪುಸ್ತಕದಲ್ಲೇ ಹಾಗಿದೆ, ಜಗಳ ಬೇಡ.

ಇನ್ನು ಯಾರೂ ಕೇಳದ ಮಾತು: ಸಿಪ್ಪೆ. ನಾಗಪುರ ಸಂತ್ರಾದ ಸಿಪ್ಪೆ ಸಡಿಲ, ಮೆತ್ತಗೆ. ಬಿಳಿ ಭಾಗ ಬಿಟ್ಟು ಅಗಲಕ್ಕೆ ಒಂದು ತುಂಡು ಕೆತ್ತಿ. ಹೊರಮೈ ಗ್ಲಾಸಿನ ಕಡೆಗಿರಲಿ, ಮಡಚಿ ಹಿಂಡಿ. ಚಿಕ್ಕವರಿದ್ದಾಗ ದೀಪದ ಮುಂದೆ ಸಂತ್ರಾ ಸಿಪ್ಪೆ ಹಿಂಡಿ ಚಟಪಟ ಕಿಡಿ ಹಾರಿಸಿ ಬೈಸಿಕೊಂಡಿಲ್ವಾ? ಸಿಪ್ಪೆಯೊಳಗಿನ ಅದೇ ಎಣ್ಣೆ ಇದು. ಗ್ಲಾಸಿನ ಮೇಲೆ ಸಣ್ಣ ಹೊಳಪು ಕಂಡರೆ ಸಿಪ್ಪೆಯ ಕೆಲಸ ಮುಗೀತು. ಒಳಗೆ ಮುಳುಗಿಸಿ ಬಿಡಬೇಡಿ, ಕಹಿ ಬಿಡುತ್ತೆ.