ವೆಸ್ಲಿಯವರ ಮನೆಮದ್ದು: ಯಾವುದನ್ನು ಇಟ್ಟುಕೊಳ್ಳೋಣ, ಯಾವುದನ್ನು ಬಿಡೋಣ

ಕ್ರೈಸ್ತರ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ಲಂಡನ್ನಿನ ಬಡವರಿಗೆ ಔಷಧಿ ಕೊಡಲು ತೊಡಗಿದ್ದು 1746ರ ಡಿಸೆಂಬರಿನಲ್ಲಿ. ಮೊದಲ ದಿನವೇ ಸುಮಾರು 30 ಜನ ಬಂದರು, ಮೂರು ವಾರದಲ್ಲಿ ಸುಮಾರು 300. ವೆಸ್ಲಿ ವೈದ್ಯರಲ್ಲ, ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ವೈದ್ಯಕೀಯ ಓದಿಕೊಂಡಿದ್ದವರು. ಹಾಗಾಗಿ ಔಷಧಿ ತಯಾರಿಸುವವರೊಬ್ಬರನ್ನೂ ಅನುಭವಿ ಶಸ್ತ್ರವೈದ್ಯರೊಬ್ಬರನ್ನೂ ಜೊತೆಗಿಟ್ಟುಕೊಂಡರು. ಜಟಿಲ ಕಾಯಿಲೆಗೆ ಕೈಹಾಕಬಾರದು, ರೋಗಿ ಬಯಸುವ ವೈದ್ಯರ ಬಳಿಗೇ ಕಳಿಸಬೇಕು ಎಂದು ಮೊದಲೇ ತೀರ್ಮಾನಿಸಿದ್ದರು. ಕುಟುಂಬವೈದ್ಯನಾದ ನನಗೆ ಅವರ ಮದ್ದುಗಳೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ತೀರ್ಮಾನ.

ಮರುವರ್ಷ ಬಂದ ಅವರ ಮನೆಮದ್ದಿನ ಪುಸ್ತಕ 'ಪ್ರಿಮಿಟಿವ್ ಫಿಸಿಕ್' ಅವರು ಬದುಕಿದ್ದಾಗಲೇ 20ಕ್ಕೂ ಹೆಚ್ಚು ಬಾರಿ ಅಚ್ಚಾಯಿತು. ಹತ್ತಾರು ದ್ರವ್ಯ ಬೆರೆಸಿದ ದುಬಾರಿ ಔಷಧಿಗಳ ಬದಲು ಸುಲಭವಾಗಿ ಸಿಗುವ ಒಂದೆರಡು ವಸ್ತು: ತಣ್ಣೀರು, ಜೇನು, ಈರುಳ್ಳಿ. ತಲೆ ಬೋಳಾಗುತ್ತಿದ್ದರೆ ಚರ್ಮ ಕೆಂಪಾಗುವವರೆಗೆ ಈರುಳ್ಳಿ ಉಜ್ಜಿ, ಮೇಲೆ ಜೇನು ಹಚ್ಚಬೇಕು. ಫಲ ಕಂಡ ಮದ್ದುಗಳಿಗೆ 'ಪರೀಕ್ಷಿಸಿದ್ದು' ಎಂಬ ಗುರುತನ್ನೂ ಹಾಕಿದರು. ಇಂದಿನ ಲೆಕ್ಕದಲ್ಲಿ ಅದು ಪುರಾವೆಯಾಗದು. ಆದರೂ ವಾಟ್ಸಾಪಿನಲ್ಲಿ ಬರುವ ಕಷಾಯದ ಸಂದೇಶಗಳಲ್ಲಿ ಅಷ್ಟು ಪ್ರಾಮಾಣಿಕತೆಯೂ ಇರುವುದಿಲ್ಲ.

ಪುಸ್ತಕದ ಜೀವಾಳ ಮುನ್ನುಡಿ. ವೈದ್ಯ ಜಾರ್ಜ್ ಚೇನ್ ಅವರಿಂದ ಕಲಿತ ಪಥ್ಯ ಅಲ್ಲಿದೆ: ಸಾದಾ ಊಟ, ಕುಡಿಯಲು ನೀರು, ಬೇಗ ಮಲಗಿ ಬೇಗ ಏಳುವುದು, ಕೂತು ಓದುವವರಿಗೆ ದಿನಕ್ಕೆ ಎರಡು ಮೂರು ಗಂಟೆ ವ್ಯಾಯಾಮ. ಮನಸ್ಸಿನ ಉದ್ವೇಗ ದೇಹವನ್ನು ಕೆಡಿಸುತ್ತದೆ ಎಂಬುದನ್ನೂ ಸ್ಪಷ್ಟವಾಗಿ ಬರೆದರು. ಬಿಪಿ, ಸಕ್ಕರೆ ಕಾಯಿಲೆಯವರಿಗೆ ನಾನು ದಿನವೂ ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಹೊಸದೆಂದರೆ ಅವರಿಗೆ ಅಂಜಿಕೆಯಿರಲಿಲ್ಲ. 1756ರಲ್ಲಿ ವಿದ್ಯುತ್ ಯಂತ್ರ ತರಿಸಿ ಬಡವರಿಗೆ ಚಿಕಿತ್ಸೆ ಕೊಡಿಸಿದರು. ಟೀಕೆಯೂ ಬಂತು: 1776ರಲ್ಲಿ ವೈದ್ಯ ವಿಲಿಯಂ ಹಾಸ್ ಈ ಪುಸ್ತಕದ ಅಪಾಯಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅದು ಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿಗೆ ಅವರ ಪಂಥದ ವೆಸ್ಲಿಯನ್ ಮಿಷನ್ ತಂದದ್ದು ಈರುಳ್ಳಿ ಮದ್ದನ್ನಲ್ಲ, ಆಸ್ಪತ್ರೆಯನ್ನು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಹುಟ್ಟಿದ್ದು ಹಾಗೆ.

ಕ್ಷಯಕ್ಕೆ ವೆಸ್ಲಿ ಸೂಚಿಸಿದ ಒಂದು ಉಪಾಯ ಹೀಗಿದೆ: ಹುಲ್ಲುನೆಲದಲ್ಲಿ ಸಣ್ಣ ಗುಂಡಿ ತೋಡಿ, ಬೋರಲು ಮಲಗಿ, ಕಾಲು ಗಂಟೆ ಅದರೊಳಗೆ ಉಸಿರಾಡುವುದು. ಕ್ಷಯದ ರೋಗಾಣು ಯಾವುದೆಂದು ತಿಳಿದದ್ದೇ 1882ರಲ್ಲಿ, ಅವರನ್ನು ದೂರುವಂತಿಲ್ಲ. ನಮಗೆ ಆ ನೆಪವಿಲ್ಲ. ಕೆಮ್ಮು ಎರಡು ವಾರ ದಾಟಿದರೆ ಶುಂಠಿ, ಮೆಣಸು ಎಂದು ದಿನ ತಳ್ಳದೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.